ತಿಜಾನಿಯ ಪಾಠ

ಸಿಗ್ನಲ್‌ನಲ್ಲಿ ಹಳದಿ ದೀಪ ಕಂಡರೆ ಏನು ಮಾಡಬೇಕೆಂದು ಪುಸ್ತಕ ಒಂದು ಹೇಳುತ್ತಿತ್ತು, ಗಂಡ ಇನ್ನೊಂದು ಹೇಳುತ್ತಿದ್ದ. ಸಾಲ್ಹಾಳ ಕಷ್ಟವೆಲ್ಲ ಅಲ್ಲೇ ಇತ್ತು.

ಗಂಡ ತಿಜಾನಿ ಜರ್ಜಿಸ್‌ನಿಂದ ಟ್ಯೂನಿಸ್‌ಗೆ ಬಾಡಿಗೆ ವ್ಯಾನ್ ಓಡಿಸಿಯೇ ತಲೆ ನರೆತವನು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು, ಇನ್ನು ಸ್ಟೇರಿಂಗ್ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂದಿನಿಂದ ಮನೆಯ ಪಿಕಪ್ಪು ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ಆಲಿವ್ ಕೊಯ್ಲು ಬಾಗಿಲಿಗೇ ಬಂದಿತ್ತು. ಅವನ ತಮ್ಮ ಬೆಲ್ಗಾಸೆಮ್ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಟೈರನ್ನು ಒದ್ದು ನೋಡಿ, "ನಿಂತ ಗಾಡಿ ತುಕ್ಕು ಹಿಡಿಯುತ್ತೆ ಅಣ್ಣಾ, ನನಗೆ ಕೊಟ್ಬಿಡು" ಅನ್ನುತ್ತಿದ್ದ. ಸಾಲ್ಹಾ ಲೈಸೆನ್ಸಿನ ಲಿಖಿತ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ದಿನ ತಿಜಾನಿ ಸೋತು ಮಾತು ಕೊಟ್ಟಿದ್ದ: ಇನ್ನೊಂದು ಸಲವೂ ಅವಳು ಪಾಸಾಗದಿದ್ದರೆ ಗಾಡಿ ತಮ್ಮನದು.

ಗಾಡಿ ಓಡಿಸುವುದು ಅವಳಿಗೆ ಹೊಸದಲ್ಲ. ತೋಟದ ಮರಳಿನಲ್ಲಿ ಅದೇ ಪಿಕಪ್ಪನ್ನು ಮದುವೆಯಾದ ವರ್ಷದಿಂದ ಓಡಿಸಿದ್ದಳು. ಕೈಕಾಲಿಗೆ ಗೊತ್ತಿದ್ದುದು ಪರೀಕ್ಷೆಗೆ ಬರುತ್ತಿರಲಿಲ್ಲ, ಅಷ್ಟೆ.

ಸಂಜೆ ಚಹಾ ಹೊತ್ತಿಗೆ ತಿಜಾನಿಯ ಪಾಠ. ಕುಸ್‌ಕುಸ್ ಬೋಗುಣಿ ಕವುಚಿದರೆ ಅದೇ ವೃತ್ತ. ಸುತ್ತಲೂ ಆಲಿವ್ ಕಾಯಿಗಳೇ ಕಾರುಗಳು, ಸೌತೆಕಾಯಿ ಬಸ್ಸು, ಹರೀಸಾ ಖಾರದ ಡಬ್ಬಿ ಟ್ಯಾಂಕರು.

"ವೃತ್ತದಲ್ಲಿ ಯಾರು ಮೊದಲು ಹೋಗ್ಬೇಕು?" ಎಂದು ಅವನು ಕೇಳಿದ.

"ಬಲಗಡೆಯಿಂದ ಬರೋರು."

"ಅಯ್ಯೋ ಪೆದ್ದಿ. ಯಾರ ಗಾಡಿ ಹಳೇದೋ ಅವರು. ಹೊಸ ಗಾಡಿಯವನು ಗೀರು ಬೀಳುತ್ತೆ ಅಂತ ತಾನೇ ನಿಲ್ತಾನೆ."

"ನಿಲ್ಲಿ ಅಂತ ಬೋರ್ಡಿದ್ರೆ?"

"ಪಕ್ಕದಲ್ಲಿ ಪೊಲೀಸ್ನೋನು ಇದಾನಾ ನೋಡು. ಇಲ್ದಿದ್ರೆ ಅದು ಊರಿಗೆ ಅಲಂಕಾರ."

"ಊರೊಳಗೆ ಸುಮ್ಸುಮ್ನೆ ಹಾರ್ನ್ ಹೊಡೀಬಾರ್ದು ಅಂತಿದೆ ಇಲ್ಲಿ."

ತಿಜಾನಿ ಚಹಾ ಲೋಟ ಕೆಳಗಿಟ್ಟ. "ಇದನ್ನ ಬರೆದವನು ಕತ್ತೆಗಾಡೀನೂ ಓಡಿಸಿಲ್ಲ ಬಿಡು."

ಡ್ರೈವಿಂಗ್ ಶಾಲೆಯ ರಾದಿಯಾ ಹಿಂದಿನ ಪರೀಕ್ಷೆಯ ಉತ್ತರಗಳನ್ನು ನೋಡಿ ತಲೆ ಚಚ್ಚಿಕೊಂಡಿದ್ದಳು. "ಸಾಲ್ಹಕ್ಕಾ, ಸೀಟ್ ಬೆಲ್ಟ್ ಯಾವಾಗ ಹಾಕ್ಬೇಕು ಅಂದ್ರೆ 'ಪೊಲೀಸರು ಕಂಡಾಗ' ಅಂತ ಒತ್ತಿದೀರಲ್ಲ?"

"ಮುಂದೆ ಪೊಲೀಸ್ರಿದಾರೆ ಅಂತ ಎದುರು ಬರೋರು ದೀಪ ಮಿನುಗಿಸಿ ತಿಳಿಸ್ತಾರಲ್ಲ, ಆಗ ಎಲ್ಲರೂ ಹಾಕ್ಕೊಳ್ಳೋದು."

"ನಿಮ್ಮ ಯಜಮಾನ್ರ ಪಾಠ ನಿಲ್ಸಿ. ಇಲ್ಲಾಂದ್ರೆ ಗಾಡಿ ಮರೆತುಬಿಡಿ."

ನಿಲ್ಲಿಸುವುದು ಹೇಗೆ? ಕಣ್ಣು ಮಂಜಾದಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವನು ಈ ಪಾಠಕ್ಕಾಗಿ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದ. ಬೋಗುಣಿಯ ಸುತ್ತ ಬೆರಳಿನಿಂದ ತಡಕಿ ಸೌತೆಕಾಯಿ ಬಸ್ಸನ್ನು ತಿರುಗಿಸುವಾಗ ಅವನು ನಿಜವಾಗಿ ರಸ್ತೆಯ ಮೇಲೇ ಇರುತ್ತಿದ್ದ. ಅದನ್ನು ಕಿತ್ತುಕೊಳ್ಳಲು ಸಾಲ್ಹಾಳಿಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಪುಸ್ತಕ, ಸಂಜೆ ಗಂಡ, ಎರಡನ್ನೂ ಬಾಯಿಪಾಠ ಮಾಡಿದಳು. ತಲೆ ಗೊಜ್ಜಾಯಿತು.

ಪರೀಕ್ಷೆಯ ದಿನ ಪರದೆಯ ಮೇಲೆ ಮೊದಲ ಚಿತ್ರ ಬಂತು: ಹಳದಿ ದೀಪ, ಕೆಳಗೆ ಮೂರು ಉತ್ತರ. ಸಾಲ್ಹಾಳಿಗೆ ಪುಸ್ತಕದ್ದು ಒಂದಕ್ಷರವೂ ನೆನಪಾಗಲಿಲ್ಲ. ಬೆಲ್ಗಾಸೆಮ್ ಟೈರು ಒದೆಯುವ ಸದ್ದೇ ಕಿವಿಯಲ್ಲಿ. ಆದರೆ ಎರಡನೆಯ ಉತ್ತರ, 'ವೇಗ ಹೆಚ್ಚಿಸಿ ದಾಟುವುದು', ಓದಿದೊಡನೆ ತಿಜಾನಿಯ ದನಿಯೇ ಕೇಳಿಸಿತು. ಇದು ನಮ್ಮವರದು ಎಂದು ಗುರುತು ಹಿಡಿದು ಅದನ್ನು ಬಿಟ್ಟಳು. ಉಳಿದ ಎರಡರಲ್ಲಿ ಸರಿಯಾದದ್ದು ತಾನಾಗಿ ಮೇಲೆದ್ದಿತು. ಮುಂದಿನ ಪ್ರಶ್ನೆಯಲ್ಲೂ ಒಂದು ಉತ್ತರ ತಿಜಾನಿಯದೇ. ಅದರ ಮುಂದಿನದರಲ್ಲೂ. ಪ್ರಶ್ನೆ ಬರೆದವನು ತನ್ನ ಗಂಡನ ವ್ಯಾನಿನಲ್ಲಿ ಕೂತು ಬಂದವನೇ ಇರಬೇಕು ಎಂದು ಅವಳಿಗೆ ನಗು ಬಂತು.

ಪಾಸಾದಳು. ಗಾಡಿ ಓಡಿಸಿ ತೋರಿಸುವ ಪರೀಕ್ಷೆ ನೀರು ಕುಡಿದಷ್ಟು ಸಲೀಸಾಯಿತು. ತಿಜಾನಿ ಕಾಫಿ ಅಂಗಡಿಯಲ್ಲಿ ಎದೆಯುಬ್ಬಿಸಿ, "ಕಲಿಸಿದವನು ನಾನು" ಎಂದು ಕಂಡಕಂಡವರಿಗೆಲ್ಲ ಹೇಳಿದ.

ಮೊದಲ ಕೊಯ್ಲಿನ ಮೂಟೆ ಹೇರಿ ಗಾಣಕ್ಕೆ ಹೊರಟ ದಿನ ಅವನು ಬೆಲ್ಟ್ ಹಾಕುವ ತನಕ ಅವಳು ಗಾಡಿ ಚಾಲೂ ಮಾಡಲಿಲ್ಲ. 'ನಿಲ್ಲಿ' ಬೋರ್ಡಿನ ಮುಂದೆ, ನಾಯಿ ಕೂಡ ಇಲ್ಲದ ರಸ್ತೆಯಲ್ಲಿ, ನಿಂತಳು. ತಿಜಾನಿ ಕೂತಲ್ಲೇ ಚಡಪಡಿಸಿದ. ಇನ್ನಷ್ಟು ಮುಂದೆ ಹೋದಾಗ ಎದುರಿನಿಂದ ಬಂದ ಲಾರಿಯ ದೀಪ ಎರಡು ಸಲ ಮಿನುಗಿತು. ಮಂಜುಗಣ್ಣಿಗೂ ಅದು ಕಂಡಿತು. ಗಡಬಡಿಸಿ ಬೆಲ್ಟಿಗೆ ಕೈಹಾಕಿದರೆ ಅದು ಆಗಲೇ ಎದೆಯ ಮೇಲಿತ್ತು.

"ಇದೆಲ್ಲ ಯಾರೇ ನಿಂಗೆ ಕಲಿಸಿದ್ದು?" ಎಂದು ಗೊಣಗಿದ.

"ನೀವೇ ಅಲ್ವಾ. ನಿಮ್ಮ ಪಾಠ ಇಲ್ದಿದ್ರೆ ನಾನು ಪಾಸಾಗ್ತಾನೇ ಇರ್ಲಿಲ್ಲ."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ತಿಜಾನಿ ಕಿಟಕಿಯಾಚೆ ಮುಖ ಮಾಡಿದ. ತಿರುವುಗಳನ್ನು ಅವನ ಮೈ ಇನ್ನೂ ಮರೆತಿರಲಿಲ್ಲ.

"ಬೆಲ್ಗಾಸೆಮ್ ಮನೆ ಬಂತಲ್ವಾ?" ಎಂದ. "ಹಾರ್ನ್ ಹೊಡಿಯೇ."

ಊರೊಳಗೆ ಸುಮ್ಮನೆ ಹಾರ್ನ್ ಒತ್ತಬಾರದು ಎಂಬ ಪುಟ ಈಗ ಅವಳಿಗೆ ಚೆನ್ನಾಗಿ ನೆನಪಿತ್ತು. ಸಾಲ್ಹಾ ಆ ಮನೆ ದಾಟುವವರೆಗೂ ಒತ್ತಿದ ಕೈ ತೆಗೆಯಲಿಲ್ಲ.