ಖರೇ ಉದಾಹರಣೆ

ಗುಲಾಬಸಾಬನ ಅಟ್ಟದ ಮೇಲೆ ಸುಳ್ಳಿಗೆ ಶಿಕ್ಷೆಯಿತ್ತು: ಹೇಳಿದವರು ಕೋಣೆಯ ಕಸ ಗುಡಿಸಬೇಕು.

ಹುಬ್ಬಳ್ಳಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಅವನದು. ನಲವತ್ತೆರಡರ ಚಳವಳಿ ಶುರುವಾದ ಮೇಲೆ ರವಿವಾರಕ್ಕೊಮ್ಮೆ ನಾಲ್ಕಾರು ಮಂದಿ ಅಲ್ಲಿ ಕೂಡಿ ನಿಷೇಧಿತ ಪತ್ರಿಕೆ ಓದುತ್ತಿದ್ದರು. ಪೋಲೀಸರು ಬಂದರೆ ಇಂಗ್ಲಿಷ್ ಪಾಠವೆಂದು ತೋರಿಸಲು ಗೋಡೆಗೊಂದು ಹಲಗೆ, ಹಲಗೆಯ ಮೇಲೆ ಜೋಡಿ ಇಂಗ್ಲಿಷ್ ಶಬ್ದ. ನೋಡಲು ಅಕ್ಕತಂಗಿಯರಂತೆ, ಗುಣ ಬೇರೆ ಬೇರೆ. ಕಲಿಸುವವರು ರಮಾಕಾಂತ ಮಾಸ್ತರರು. ಒಂದೊಂದು ಶಬ್ದಕ್ಕೂ ಸ್ವಂತ ಬದುಕಿನ ಖರೇ ಉದಾಹರಣೆ ಕೊಡಬೇಕೆಂಬುದು ಅವರೇ ಮಾಡಿದ ಕಟ್ಟಳೆ. ದೊರೆಗಳ ಭಾಷೆ ಕಲಿಯೋಣ, ದೊರೆಗಳ ಸುಳ್ಳು ಬೇಡ ಎನ್ನುತ್ತಿದ್ದರು. ಪ್ರತಿ ವಾರ ತಪ್ಪದೆ ಬರುತ್ತಿದ್ದ ಮಂದಾಕಿನಿಗೆ ಆ ಮಾತು ಬಹಳ ಹಿಡಿಸಿತ್ತು, ಕಮರುದ್ದೀನ ಸಿಕ್ಕಿಬೀಳುವ ತನಕ.

ಸೈಕಲ್ ರಿಪೇರಿ ಮಾಡುವ ಕಮರುದ್ದೀನ 'ಬಾರೋ' ಮತ್ತು 'ಲೆಂಡ್' ಬಂದ ದಿನ ಎದೆಯುಬ್ಬಿಸಿ ಹೇಳಿದ್ದ. ಅಮರಗೋಳದಲ್ಲಿ ಅವನ ಮಾವ ಅರಳೆಯ ಕೋಠಿಯನ್ನು ಒಬ್ಬ ಅತಿಥಿಗೆ ಎರವಲು ಕೊಟ್ಟಿದ್ದಾನೆ. ಕೊಟ್ಟ ಮಾವ ಮಾಡಿದ್ದು ಲೆಂಡ್, ಪಡೆದ ಅತಿಥಿ ಮಾಡಿದ್ದು ಬಾರೋ. ಆ ವಾರವೇ ಪೋಲೀಸರು ಕೋಠಿಗೆ ನುಗ್ಗಿ ಭೂಗತನಾಗಿದ್ದ ಅತಿಥಿಯನ್ನೂ ಕಮರುದ್ದೀನನನ್ನೂ ಎಳೆದೊಯ್ದರು.

ಅಟ್ಟದ ಮಂದಿ ಕರಗಿತು. ಉಳಿದವರ ಕಣ್ಣೆಲ್ಲ ಹೊಸಬ ಬಿಂದುಮಾಧವನ ಮೇಲೆ. ಕಚೇರಿಯ ಗುಮಾಸ್ತ, ಇಸ್ತ್ರಿ ಮುರಿಯದ ಅಂಗಿ, ಬೇಕಾದ್ದಕ್ಕೂ ಬೇಡಾದ್ದಕ್ಕೂ ನಗು. ಸರಕಾರದ ಉಪ್ಪು ತಿಂದ ಬಾಯಿ ಎಷ್ಟು ತೊಳೆದರೂ ಉಪ್ಪೇ ಎಂದು ಗುಲಾಬಸಾಬ ಚುಚ್ಚುತ್ತಿದ್ದ. ಪೋಲೀಸರಿಗೆ ಸುದ್ದಿ ಮುಟ್ಟಿಸಿದವನು ಅವನೇ ಎಂಬುದರಲ್ಲಿ ಮಂದಾಕಿನಿಗೂ ಅನುಮಾನ ಉಳಿದಿರಲಿಲ್ಲ. ಅವಳ ಅಣ್ಣ ಬಾಳಕೃಷ್ಣ ಮುಗದ ಎಂಬ ಹಳ್ಳಿಯ ಒಂದು ದನದ ಕೊಟ್ಟಿಗೆಯಲ್ಲಿ ಅಡಗಿ ಕರಪತ್ರ ಅಚ್ಚು ಹಾಕುತ್ತಿದ್ದ. ಇನ್ನೊಂದು ಉದಾಹರಣೆ ಜಾರಿದರೆ ಅವನ ಕೊರಳು. ಅದಕ್ಕೇ ಅವಳು ಬಿಂದುಮಾಧವನ ಕಿವಿಗೆಂದು ಒಂದು ಸುಳ್ಳು ಹೆಣೆದು ತಂದಳು.

ಆ ರವಿವಾರ ಅವನೇ ಬರಲಿಲ್ಲ. ಹೆಂಡತಿ ಗೋದಾಬಾಯಿಯ ಹೆರಿಗೆಗೆಂದು ಧಾರವಾಡಕ್ಕೆ ಹೋಗಿದ್ದನಂತೆ. ಗುಲಾಬಸಾಬ ಗಿರಾಕಿ ಕೂಗಿತೆಂದು ಕೆಳಗಿಳಿದ. ಅಟ್ಟದಲ್ಲಿ ಉಳಿದವರು ಮಾಸ್ತರರು ಮತ್ತು ಅವಳು, ಇಬ್ಬರೇ. ಹಲಗೆಯ ಮೇಲೆ 'ಡೌಟ್', 'ಸಸ್ಪೆಕ್ಟ್'.

"ಎರಡಕ್ಕೂ ನಮ್ಮ ಮಂದಿ ಸಂಶಯ ಅಂತಾರ," ಎಂದರು ಮಾಸ್ತರರು. "ಆಗಿರಲಿಕ್ಕಿಲ್ಲ ಅನಸಿದ್ರ ಡೌಟ್. ಆಗಿರಬೇಕು ಅನಸಿದ್ರ ಸಸ್ಪೆಕ್ಟ್. ಬಾಳಕೃಷ್ಣನ ಸುದ್ದಿಯೊಳಗ ಏನರ ಉದಾಹರಣಿ ಸಿಗತದೇನವಾ?"

ಅಣ್ಣನ ಹೆಸರು ಈಚೆಗೆ ಅವರ ಬಾಯಲ್ಲಿ ಪದೇ ಪದೇ ಬರುತ್ತಿತ್ತು. ಅಕ್ಕರೆ ಎಂದುಕೊಂಡಿದ್ದಳು. ಈಗ ಎಲ್ಲೋ ಇರುವೆ ಕಚ್ಚಿದಂತಾಯಿತು. ಇನ್ನೊಬ್ಬನಿಗೆಂದು ತಂದದ್ದನ್ನು ಇವರ ಮುಂದೆಯೇ ಬಡಿಸಿದಳು.

"ಅಣ್ಣ ಮುಂಬಯಿಗೆ ಹೋದ ಅಂತಾರ್ರಿ, ಐ ಡೌಟ್. ಬೈರಿದೇವರಕೊಪ್ಪದ ಹಾಳು ಇಟ್ಟಂಗಿ ಭಟ್ಟಿಯೊಳಗ ಇದ್ದಾನ, ಐ ಸಸ್ಪೆಕ್ಟ್."

ಮಾಸ್ತರರು ಶಾಬಾಸ್ ಎಂದರು.

ಬುಧವಾರ ಬೈರಿದೇವರಕೊಪ್ಪದಿಂದ ಸೊಪ್ಪು ಮಾರಲು ಬಂದ ಇಮಾಮಬಿ ನಕ್ಕೂ ನಕ್ಕೂ ಹೇಳಿದಳು: ಪೋಲೀಸರು ಹಾಳು ಭಟ್ಟಿಯನ್ನು ಬುಡಮಟ್ಟ ಅಗೆದರಂತೆ, ಸಿಕ್ಕಿದ್ದು ಹಾವಿನ ಪೊರೆಯಂತೆ. ಮಂದಾಕಿನಿಗೆ ನಗು ಬರಲಿಲ್ಲ. ಬಡವರು ತಮ್ಮ ಬದುಕನ್ನು ಗಂಟು ಬಿಚ್ಚಿ ತೋರಿಸಿದ್ದೇನು, ಒಬ್ಬ ಮನುಷ್ಯ ಕಣ್ಣು ಮುಚ್ಚಿ ತಲೆದೂಗಿದ್ದೇನು. ಕಟ್ಟಳೆ ಯಾಕೆ ಹುಟ್ಟಿತೆಂದು ಈಗ ತಿಳಿಯಿತು. ಅಂದೇ ಮುಗದಕ್ಕೆ ಹೇಳಿಕಳಿಸಿ ಅಣ್ಣನ ಜಾಗ ಬದಲಿಸಿದಳು.

ಮುಂದಿನ ರವಿವಾರ ಬಿಂದುಮಾಧವ ಮಗಳು ಹುಟ್ಟಿದ ಸಕ್ಕರೆ ಹಿಡಿದು ಅಟ್ಟಕ್ಕೆ ಬಂದ. ಗುಲಾಬಸಾಬನೂ ಇದ್ದ. ಮಂದಾಕಿನಿ ಮೂಲೆಯ ಕಸಬರಿಗೆ ಎತ್ತಿಕೊಂಡಳು.

"ನಿನಗ್ಯಾಕವಾ ಅದು?" ಎಂದರು ಮಾಸ್ತರರು.

"ಹೋದ ವಾರ ಸುಳ್ಳು ಉದಾಹರಣಿ ಕೊಟ್ಟಿದ್ದೆರಿ. ಭಟ್ಟಿಯೊಳಗ ಯಾರೂ ಇರಲಿಲ್ಲ. ಆ ಮಾತು ಕೇಳಿದಾವರು ನೀವೊಬ್ಬರ. ಪೋಲೀಸರಿಗೆ ಹ್ಯಾಂಗ ಮುಟ್ಟಿತ್ರಿ, ಮಾಸ್ತರ?"

ಮಾಸ್ತರರ ಕೈ ಸೀಮೆಸುಣ್ಣ ಹುಡುಕಿತು. ಅದು ಅವರ ಇನ್ನೊಂದು ಕೈಯಲ್ಲೇ ಇತ್ತು. ಗುಲಾಬಸಾಬ ಹೊಲಿಯುವ ಸೂಜಿ ಕೆಳಗಿಟ್ಟು ಎದ್ದು ನಿಂತ. ಅವಳು ಗುಡಿಸತೊಡಗಿದಳು. ಕಾಗದದ ಚೂರು, ನೂಲು, ಧೂಳು, ಅದರ ಜೊತೆಗೆ ಮಾಸ್ತರರ ಚಪ್ಪಲಿ. ಎಲ್ಲವನ್ನೂ ಏಣಿಯ ಬಾಯಿಗೆ ತಂದು ನೂಕಿದಳು. ಚಪ್ಪಲಿ ಮೆಟ್ಟಿಲು ಮೆಟ್ಟಿಲಿಗೆ ಬಡಿಯುತ್ತ ಬಿದ್ದವು. ಅವುಗಳ ಹಿಂದೆ ಮಾಸ್ತರರೂ ಇಳಿದರು.

ಆಮೇಲೆ ಅವಳು ಬಿಂದುಮಾಧವನ ಮುಂದೆ ಕೈಯೊಡ್ಡಿದಳು. ಅವನು ಸಕ್ಕರೆ ಹಾಕಿದ. ನಗಲಿಲ್ಲ.