ಗೌರಿ ಹುಣ್ಣಿಮೆಯ ಸಕ್ಕರೆ ಆರತಿ

ಬೆಳಗಿನ ಆರು ಗಂಟೆಗೆ ಅವ್ವ ಮರದ ಅಚ್ಚುಗಳನ್ನು ನೀರಿನ ಕೊಪ್ಪರಿಗೆಯಲ್ಲಿ ಮುಳುಗಿಸಿ, ಮೇಲೆ ಗುಂಡುಕಲ್ಲು ಇಟ್ಟಳು. ಕಲ್ಲಿಡದಿದ್ದರೆ ಅವು ತೇಲುತ್ತವೆ. ಒಣ ಅಚ್ಚಿಗೆ ಪಾಕ ಸುರಿದರೆ ಸಕ್ಕರೆ ಮರಕ್ಕೆ ಹಿಡಿದುಕೊಂಡು, ಆನೆಯ ಸೊಂಡಿಲು ಒಳಗೇ ಉಳಿಯುತ್ತದೆ.

ಅಂದು ಗೌರಿ ಹುಣ್ಣಿಮೆ. ಊರಿನ ಹೆಣ್ಣುಮಕ್ಕಳು ಸಂಜೆ ಸಕ್ಕರೆಯ ಆನೆ, ಒಂಟೆ, ರಥ, ಗೋಪುರಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿಕೊಂಡು ಗುಡಿಗೆ ಹೋಗುತ್ತಿದ್ದರು. ಆ ಗೊಂಬೆಗಳನ್ನು ಎರೆಯುವುದು ನಮ್ಮ ಮನೆಯ ಕಸುಬು. ಮದುವೆ ನಿಶ್ಚಯವಾದ ಹುಡುಗಿಗೆ ಮಾತ್ರ ಆರತಿ ಗಂಡಿನ ಮನೆಯಿಂದಲೇ ಬರಬೇಕು. ಯಾರ ತಟ್ಟೆಗೆ ಏನು ಬಂತು ಎಂದು ಊರೇ ನೋಡುತ್ತಿತ್ತು.

ಆ ವರ್ಷ, ಪೇಟೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದ ನನ್ನ ಅಕ್ಕ ಸುಗಲಾಳ ಮದುವೆ ನಿಶ್ಚಯವಾಗಿತ್ತು. ಗಂಡಿನ ತಾಯಿ ಚಂಪಾವತಿ ಹಿಂದಿನ ವಾರವೇ ಬಂದು, "ಎಲ್ಲಾಕಿಂತ ಚಲೋದು ಆಗಬೇಕು ನೋಡ್ರಿ" ಎಂದು ಆರತಿಗೆ ಹೇಳಿ ಹೋಗಿದ್ದರು. ನಮ್ಮ ಗೊಂಬೆಗಳೇ ಅವರ ಮನೆಗೆ ಹೋಗಿ, ಸೀರೆ ಕುಂಕುಮದ ಜೊತೆ ನಮ್ಮ ಮನೆಗೇ ಮರಳಿ ಬರುತ್ತವೆಂದು ನಾವು ನಕ್ಕಿದ್ದೆವು. ಅವ್ವ ಆ ತಟ್ಟೆಯ ಜೋಡಿ ಆನೆಗಳನ್ನು ಮನಸ್ಸಿಗೆ ಬರಲಿಲ್ಲವೆಂದು ಎರಡು ಸಲ ಒಡೆದು ಮತ್ತೆ ಎರೆದಿದ್ದಳು.

ಹತ್ತು ಗಂಟೆಗೆ ಚಂಪಾವತಿ ತಟ್ಟೆ ಒಯ್ಯಲು ಬಂದರು.

"ಜ್ವಾಕಿಯಿಂದ ಕಟ್ಟಿಕೊಡ್ರಿ, ಕೆಳಗಿನ ಪ್ಯಾಟಿ ಮಟ ಹೋಗಬೇಕು. ನಮ್ಮ ಹುಡುಗಗ ಅಲ್ಲೊಂದು ಹುಡುಗೀನ್ನ ಗೊತ್ತು ಮಾಡೀವಿ."

ಅವ್ವನ ಕೈ ನಿಂತಿತು. "ನಮ್ಮ ಸುಗಲಾ?"

"ಮಷೀನು ಬಿಡಂಗಿಲ್ಲ ಅಂದಳಲ್ಲ ನಿಮ್ಮ ಹುಡುಗಿ. ನಮ್ಮ ಸೊಸಿ ಪ್ಯಾಟ್ಯಾಗ ಅಂಗಡಿ ಹಾಕ್ಕೊಂಡು ಮಂದಿ ಅಳತಿ ತಗೋತ ಕುಂದ್ರೋದು ನಮಗ ಸರಿಬರಂಗಿಲ್ಲ. ಹೇಳಿ ಕಳಸಬೇಕಂತ ಮಾಡಿದ್ದೆ. ಹಬ್ಬದ ಗದ್ದಲದಾಗ ಆಗಲಿಲ್ಲ."

"ಆರತಿ ಹೇಳಾಕ ಬರೂಮುಂದ ಗದ್ದಲ ಇರಲಿಲ್ಲೇನು?" ಎಂದು ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು.

"ನಿಮ್ಮಷ್ಟು ಚಂದ ಈ ಊರಾಗ ಯಾರು ಮಾಡ್ತಾರವ್ವ?" ಎಂದರು ಚಂಪಾವತಿ. ಅದನ್ನು ಅವರು ಹೊಗಳಿಕೆಯಾಗಿಯೇ ಹೇಳಿದರೆಂದು ನನಗೆ ಈಗಲೂ ಅನಿಸುತ್ತದೆ.

ಅವ್ವ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಕೊಡಂಗಿಲ್ಲ."

"ಕೊಡವ್ವ," ಎಂದಳು ಅಕ್ಕ. "ಆ ಹುಡುಗಿ ನಮಗೇನು ಮಾಡ್ಯಾಳ?" ತಾನೇ ಒಂಟೆಯ ಕಾಲುಗಳಿಗೆ ಅರಳೆ ಸುತ್ತಿ, ತಟ್ಟೆಗೆ ಬಟ್ಟೆ ಕಟ್ಟಿದಳು. "ವಾಲಿಸಬ್ಯಾಡ್ರಿ, ಚಂಪಕ್ಕ. ಗೋಪುರ ಉರುಳತದ." ಹಿಂದಿನ ದಿನದವರೆಗೂ ಅವಳು ಅವರನ್ನು ಅತ್ತಿ ಎನ್ನುತ್ತಿದ್ದಳು.

ಅವರು ಹೋದ ಮೇಲೆ ಅವ್ವ, "ಸಂಜೀಕ ಗುಡಿಗೆ ಹೋಗೂದು ಬ್ಯಾಡ. ಮಂದಿ ನೋಡ್ತಾರ," ಎಂದಳು.

"ನೋಡಲಿ ಅಂತನ ಹೋಗೂದು."

ಅಕ್ಕ ಕೊಪ್ಪರಿಗೆಯ ಕಲ್ಲನ್ನು ಎತ್ತಿದಳು. ಅಚ್ಚುಗಳು ಒಂದೊಂದಾಗಿ ಮೇಲೆ ಬಂದವು. ರಥ, ಒಂಟೆ, ಗೋಪುರ, ಮೂರನ್ನು ಆರಿಸಿ, ಅಚ್ಚಿನ ಹೋಳುಗಳನ್ನು ಜೋಡಿಸಿ ದಾರ ಬಿಗಿದಳು. ನಾನು ಪಾಕ ಕಾಯಿಸಿದೆ, ಹಾಲು ಬಿಟ್ಟು ಕೊಳೆ ತೆಗೆದು ಅಚ್ಚುಗಳಿಗೆ ಎರೆದೆ. ಗೊಂಬೆಗಳು ಗಟ್ಟಿಯಾದ ಮೇಲೆ ಅವಳು ಬಿಸಿ ಚಾಕುವಿನಿಂದ ಅವುಗಳನ್ನು ಕತ್ತರಿಸತೊಡಗಿದಾಗ ಸಿಟ್ಟಿಗೆ ಹಾಗೆ ಮಾಡುತ್ತಿದ್ದಾಳೆಂದುಕೊಂಡೆ. ಗೋಪುರದ ಪೀಠವನ್ನು ಮಲಗಿಸಿದಳು. ಅದರ ಮೇಲೆ ಒಂಟೆಯ ಬೆನ್ನು ಮತ್ತು ಬಾಗಿದ ಕತ್ತು. ಪಕ್ಕಕ್ಕೆ ರಥದ ಒಂದು ಗಾಲಿ. ಆಗ ನನಗೆ ಅದು ಏನೆಂದು ತಿಳಿಯಿತು.

ಕತ್ತು ನಿಲ್ಲಲಿಲ್ಲ. ಮತ್ತೆ ಅಂಟಿಸಿದಳು, ಮತ್ತೆ ಬಿತ್ತು. ಅಷ್ಟು ಹೊತ್ತು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಅವ್ವ ಎದ್ದು ಬಂದಳು.

"ಆರಿದ ಪಾಕ ಹಚ್ಚಿದರ ಹೆಂಗ ನಿಲ್ತದ? ಸರಿ ಅತ್ತಾಗ." ಪಾಕವನ್ನು ಮತ್ತೆ ಒಲೆಗಿಟ್ಟು, ಕುದಿಯುವಾಗಲೇ ಕಡ್ಡಿಯಿಂದ ಸಂದಿಗೆ ತುಂಬಿ, ಗಟ್ಟಿಯಾಗುವ ತನಕ ಬೆರಳು ಸುಟ್ಟರೂ ಬಿಡದೆ ಹಿಡಿದಳು. "ಸೂಜಿ ಎಲ್ಲೈತಿ? ಸೂಜಿ ಇಲ್ಲದ ಮಷೀನು ಹೊತ್ತುಕೊಂಡು ಹೊಂಟೀಯೇನು?" ಡಬ್ಬಿಯಿಂದ ಒಂದು ಲವಂಗ ತೆಗೆದು ಒಂಟೆಯ ಬಾಯಿ ಇದ್ದಲ್ಲಿ ಸಿಕ್ಕಿಸಿದಳು.

ಸಂಜೆ ಗುಡಿಯಲ್ಲಿ ಎಲ್ಲರೂ ಅಕ್ಕನ ತಟ್ಟೆಯತ್ತ ತಿರುಗಿದರು. ಸಕ್ಕರೆಯ ಹೊಲಿಗೆ ಮಷೀನು, ಅದರ ಮುಂದೆ ದೀಪ. ಅವ್ವ ಅಕ್ಕನ ಪಕ್ಕದಲ್ಲೇ ನಡೆಯುತ್ತಿದ್ದಳು. ಚಂಪಾವತಿ ಎದ್ದು ಬಂದರು.

"ಗೌರಿ ಮುಂದ ಇದೇನು ಹಿಡಕೊಂಡು ಬಂದೀಯ?"

"ನನ್ನ ಮಷೀನ್ರಿ, ಚಂಪಕ್ಕ. ಬಿಡಂಗಿಲ್ಲ ಅಂದಿದ್ನಲ್ಲ."

ಹಿಂದೆ ಯಾರೋ ನಕ್ಕರು. ಯಾರನ್ನು ನೋಡಿ ನಕ್ಕರೆಂದು ಚಂಪಾವತಿಗೂ ತಿಳಿಯಲಿಲ್ಲ. ಅವರ ಹೊಸ ಸೊಸೆಯಾಗಲಿದ್ದ ಹುಡುಗಿ ನಮ್ಮ ಆನೆಗಳ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳಿಗೆ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಬಗ್ಗಿ ನೋಡಿ ಮೆಲ್ಲಗೆ ಕೇಳಿದಳು, "ಅಕ್ಕಾರ, ಸೂಜಿ ಯಾತರದ್ದು?"

"ಲವಂಗದ್ದು. ಬಾ, ಇಲ್ಲೇ ನಿಂದ್ರು," ಎಂದು ಅಕ್ಕ ಸರಿದು ಜಾಗ ಕೊಟ್ಟಳು. ಇಬ್ಬರೂ ಒಟ್ಟಿಗೆ ಆರತಿ ಬೆಳಗಿದರು.

ಮಾರನೆಯ ದಿನ ಮಷೀನನ್ನು ಒಡೆದು ಓಣಿಗೆ ಹಂಚಿದೆವು. ಗಾಲಿಯನ್ನು ಅಕ್ಕ ತಾನೇ ತಿಂದು ಅಂಗಡಿಗೆ ಹೋದಳು. ಆ ಹುಡುಗಿಯ ಮದುವೆಯ ಕುಪ್ಪಸಗಳನ್ನು ಹೊಲಿದವಳು ಅವಳೇ.

ಮರುವರ್ಷ ಹುಣ್ಣಿಮೆಗೆ ಮುಂಚೆ ಅವ್ವ ಬಡಿಗನಿಂದ ಹೊಲಿಗೆ ಮಷೀನಿನ ಅಚ್ಚು ಕೆತ್ತಿಸಿದಳು. ಹೊಸ ಮರ. ಅದನ್ನು ನೀರಿನಲ್ಲಿ ಮುಳುಗಿಸಲು ಎರಡು ಕಲ್ಲು ಬೇಕಾದವು.