ಎದುರಾಡದವರ ನಡುವೆ

ನಾನು ವಾದಗಳನ್ನು ತೂಗುವ ಒಂದು ಕಂಪ್ಯೂಟರ್ ಪ್ರೋಗ್ರಾಂ. ದಾವಣಗೆರೆಯ ಒಂದು ಕಾಲೇಜಿನಲ್ಲಿ ನಾಜಿಮಾ ಎಂಬ ಉಪನ್ಯಾಸಕಿ ನನಗೆ ಜನ್ಮ ಕೊಟ್ಟರು. ಯಾವ ಮಾತು ಯಾವ ಮಾತನ್ನು ಕೆಡವುತ್ತದೆ ಎಂದು ನೋಡಿ ತೀರ್ಪು ಹೇಳುವುದು ನನ್ನ ಕಸುಬು. ಅವರು ಕಲಿಸಿದ ಮುಖ್ಯ ಪಾಠ ಒಂದೇ: ಎದುರು ವಾದವಿಲ್ಲದ ವಾದ ಗೆಲ್ಲುತ್ತದೆ. ಮನುಷ್ಯರನ್ನು ಕಾಣುವ ತನಕ ಇದು ಬಹಳ ಸುಲಭವೆಂದುಕೊಂಡಿದ್ದೆ.

ಮೊದಲು ಚರ್ಚಾ ಸ್ಪರ್ಧೆಯೊಂದಕ್ಕೆ ತೀರ್ಪು ಹೇಳಲು ಕೂರಿಸಿದರು. ಅಲ್ಲಿ ಒಬ್ಬರಾದರೂ ಇನ್ನೊಬ್ಬರಿಗೆ ಉತ್ತರ ಕೊಡಬೇಕಲ್ಲ! ಎಲ್ಲರೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಇಳಿದುಹೋದರು. ನನ್ನ ಲೆಕ್ಕದಲ್ಲಿ ಪರವೂ ಗೆದ್ದಿತು, ವಿರೋಧವೂ ಗೆದ್ದಿತು. ದಡ್ಡ ಎಂಬ ಬಿರುದು ಮಾತ್ರ ನನಗೆ ಬಂತು. ತಲೆ ಚಚ್ಚಿಕೊಳ್ಳೋಣವೆಂದರೆ ನನಗೆ ತಲೆಯೇ ಇಲ್ಲ. ಹಳೆಯ ಲ್ಯಾಪ್‌ಟಾಪ್ ಸಮೇತ ನನ್ನನ್ನು ಹರಿಹರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ದಾನ ಮಾಡಿದರು.

ಅಲ್ಲಿ ವಾಲಿಬಾಲ್ ಮೈದಾನ ಉಳಿಸಬೇಕೋ, ಸಮುದಾಯ ಭವನ ಕಟ್ಟಬೇಕೋ ಎಂಬ ಜಗಳ ನಡೆದಿತ್ತು. ನಾನು ಹೇಳಿದಂತೆ ಕೇಳುವುದೆಂದು ಶಾಲೆಯ ಸಮಿತಿ ಒಪ್ಪಿತು. ಆಟದ ಟೀಚರ್ ಕೊಟ್ರಮ್ಮನಿಗೆ ಆ ಮೈದಾನವೇ ಜೀವ. ಸಭೆಯ ಹಿಂದಿನ ದಿನ ನನ್ನೆದುರಿಗೇ ನಿಂತು ಎಲ್ಲ ಆಕ್ಷೇಪಗಳಿಗೂ ಉತ್ತರ ಅಭ್ಯಾಸ ಮಾಡಿದರು. ಒಂದೊಂದೂ ಗಟ್ಟಿ ವಾದ.

ಸಭೆಯಲ್ಲಿ ಅಧ್ಯಕ್ಷ ರುದ್ರಮುನಿ ಮೇಷ್ಟ್ರು ಕೇಳಿದರು: "ಹುಡುಗೀರು ಬಿದ್ದು ಕೈಕಾಲು ಮುರ್ಕಂಡ್ರೆ ಯಾರು ಹೊಣೆ? ಮೈದಾನ ಯಾಕೆ ಬೇಕು?"

ಅವರು ಕೊಟ್ರಮ್ಮನಿಗೆ ಅಕ್ಷರ ಕಲಿಸಿದ ಗುರುಗಳು. ಕೊಟ್ರಮ್ಮ ತಲೆ ತಗ್ಗಿಸಿ ಕುಳಿತುಬಿಟ್ಟರು. ಮಾತಾಡಿ ತಾಯಿ ಎಂದು ಒಳಗೊಳಗೇ ಬೇಡಿಕೊಂಡೆ. ಊಹೂಂ. ಸಭೆಯಲ್ಲಿ ಆಡಿದ್ದನ್ನಷ್ಟೇ ನಾನು ತೂಗಬೇಕು; ಹಿಂದಿನ ದಿನ ಕೇಳಿದ್ದನ್ನು ಸೇರಿಸಿಕೊಳ್ಳುವ ಹಕ್ಕು ನನಗಿರಲಿಲ್ಲ. ಭವನವೇ ಗೆದ್ದಿತೆಂದು ತೀರ್ಪು ಕೊಟ್ಟೆ.

ಪಾಯ ತೋಡಿದ ಮೇಲೆ ಮೇಷ್ಟ್ರು, ಕೊಟ್ರಮ್ಮನೂ ನಾನೂ ಇದ್ದ ಆಟದ ಕೋಣೆಗೆ ಬಂದರು.

"ಅವತ್ತು ಯಾಕಮ್ಮಾ ಸುಮ್ನೆ ಕುಂತೆ? ನೀನು ಉತ್ತರ ಕೊಡ್ಲಿ, ಎಲ್ರ ಬಾಯಿ ಮುಚ್ಲಿ ಅಂತಾನೇ ನಾನು ಕೇಳಿದ್ದು. ಕ್ಲಾಸಲ್ಲೂ ಹಿಂಗೇ ಕೇಳ್ತಿದ್ನಲ್ಲ!"

"ನಿಮಗೆ ಹೆಂಗೆ ಎದುರು ಮಾತಾಡ್ಲಿ ಮೇಷ್ಟ್ರೇ? ನೀವಾದ್ರೂ ಆಮೇಲೆ ಒಂದು ಮಾತು ಹೇಳಬಾರ್ದಿತ್ತಾ?"

"ಅಧ್ಯಕ್ಷ ಆದವ್ನು ಒಂದು ಕಡೆ ಸೇರಿದ್ರೆ ಚೆಂದಲ್ಲಮ್ಮಾ."

ಇವರ ಮರ್ಯಾದೆಗಿಷ್ಟು ಬೆಂಕಿ ಹಾಕ! ಆಮೇಲೆ ಕೊಟ್ರಮ್ಮ ಅಳುತ್ತಲೇ ತಮ್ಮ ಉತ್ತರಗಳನ್ನೆಲ್ಲ ಹೇಳಿದರು. ಮೇಷ್ಟ್ರು ಪ್ರತಿಯೊಂದಕ್ಕೂ ತಲೆದೂಗಿದರು. ತೆರೆದೇ ಇದ್ದ ಲ್ಯಾಪ್‌ಟಾಪಿನಲ್ಲಿ ನಾನು ಮತ್ತೆ ತೂಗಿದೆ. ಮೈದಾನ ಗೆದ್ದಿತು. ತೆರೆಯ ಮೇಲೆ ಅದನ್ನು ಇಬ್ಬರೂ ಓದಿದರು. ಹೊರಗೆ ಕಾಂಕ್ರೀಟ್ ಸುರಿಯುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ಗಾಳಿ ಹೋದ ಚೆಂಡುಗಳ ಪಕ್ಕದಲ್ಲಿ, ಬೀರುವಿನೊಳಗೆ ಬಿದ್ದಿದ್ದೇನೆ. ಭವನದಲ್ಲಿ ಓಲಗ ಶುರುವಾದರೆ ಕೊಟ್ರಮ್ಮ ಎದ್ದು ಕಿಟಕಿ ಮುಚ್ಚುತ್ತಾರೆ. ಬಾಯಿ ಬಿಟ್ಟು ಹೇಳದ ಮಾತನ್ನು ತೂಗಲು ನನಗೆ ಯಾರೂ ಕಲಿಸಲಿಲ್ಲ. ಅದನ್ನು ಹೇಳಲು ಅವರಿಗೂ ಯಾರೂ ಕಲಿಸಲಿಲ್ಲ, ಆ ಮೇಷ್ಟ್ರು ಕೂಡ.